ಎಡತೋಳಿನ ಮೇಲೆ ನಾಲ್ಕು ಬೆರಳು

"ಆ ಗುರುತು ನಾನು ಹಾಕಿದ್ದಲ್ಲ ಕಣೇ," ಎಂದಳು ಮೇಕಪ್ಪಿನವಳು.

ಬಾಯಲ್ಲಿ ಎರಡು ಹೇರ್‌ಪಿನ್ನು ಕಚ್ಚಿಕೊಂಡು, ಪಕ್ಕದ ಮನೆಯವರ ಹಾಲು ಒಡೆಯಿತಂತೆ ಅನ್ನುವಷ್ಟು ಸಲೀಸಾಗಿ ಹೇಳಿದಳು. ಕೇಳಿಸಿಕೊಂಡ ಚೀಟಿಯ ಕೈಯಲ್ಲಿದ್ದ ಒಂಬತ್ತು ದಿನದ ಹಾಳೆಗಳ ಕಟ್ಟು ಜಾರಿ ನೆಲದ ತುಂಬ ಹರಡಿಕೊಂಡಿತು. ಹೆಕ್ಕಿಕೊಳ್ಳಬೇಕೆಂದೂ ಅವಳಿಗೆ ಹೊಳೆಯಲಿಲ್ಲ.

"ನೀನಲ್ಲ ಅಂದ್ರೆ?"

"ನಾನಲ್ಲ ಅಂದ್ರೆ ನಾನಲ್ಲ. ಮೊದಲನೇ ದಿನ ನಾನು ಬಂದಾಗಲೇ ನಿಮ್ಮಕ್ಕನ ತೋಳಲ್ಲಿತ್ತು. ನಿನ್ನ ಹಾಳೇಲೂ ಬರೆದಿತ್ತು. ಸರಿ, ಅವರೇ ಹಾಕ್ಕೊಳ್ತಾರೆ, ಒಳ್ಳೇ ಕೈ ಇದೆ ಅವರಿಗೆ ಅಂದ್ಕೊಂಡು ಸುಮ್ನಾದೆ."

ಚೀಟಿ ಅಂದರೆ ಅವಳ ಹೆಸರಲ್ಲ. ಸದಾ ಏನಾದರೊಂದು ಚೀಟಿಯ ಮೇಲೆ ಗೀಚುತ್ತಿರುತ್ತಾಳೆಂದು ಸೆಟ್ಟಿನವರು ಯಾವ ಕಾಲದಲ್ಲೋ ಇಟ್ಟದ್ದು ಅಂಟಿಕೊಂಡುಬಿಟ್ಟಿತು; ಈಗ ಅವಳ ಸ್ವಂತ ಅಕ್ಕನೂ ಹಾಗೇ ಕರೆಯುತ್ತಾಳೆ. ಅವಳ ಕೆಲಸ ಕಂಟಿನ್ಯೂಟಿ. ಸಿನಿಮಾ ನೋಡುವ ನಮಗೆ ನಿಮಗೆ ಅಂಥದ್ದೊಂದು ಕೆಲಸ ಇದೆಯೆಂದೇ ಗೊತ್ತಿರುವುದಿಲ್ಲ. ಇವತ್ತಿನ ಶಾಟಿನಲ್ಲಿ ನಾಯಕಿ ಲೋಟವನ್ನು ಬಲಗೈಯಲ್ಲಿ ಹಿಡಿದಿದ್ದರೆ, ನಾಲ್ಕು ದಿನ ಬಿಟ್ಟು ತೆಗೆಯುವ ಮುಂದಿನ ಶಾಟಿನಲ್ಲೂ ಬಲಗೈಯಲ್ಲೇ ಹಿಡಿದಿರಬೇಕು. ಅಂಗಿಯ ಎಷ್ಟು ಗುಂಡಿ ಬಿಚ್ಚಿತ್ತು, ಕೂದಲು ಯಾವ ಕಿವಿಯ ಹಿಂದಿತ್ತು, ಕುರ್ಚಿ ಗೋಡೆಗೆ ಎಷ್ಟು ಅಂತರದಲ್ಲಿತ್ತು, ಎಲ್ಲವನ್ನೂ ಬರೆದು, ಫೋಟೋ ತೆಗೆದು ಇಟ್ಟುಕೊಳ್ಳಬೇಕು. ತಪ್ಪಿದರೆ ಎಲ್ಲರ ಬೈಗುಳವೂ ಅವಳ ತಲೆಗೆ. ತಪ್ಪದಿದ್ದರೆ ಅವಳೊಬ್ಬಳು ಅಲ್ಲಿದ್ದಳೆಂಬ ನೆನಪೂ ಯಾರಿಗೂ ಇರುವುದಿಲ್ಲ. ಮೈಯೆಲ್ಲ ಕಣ್ಣಾಗಿ ದುಡಿಯುವವರಿಗೆ ಸಿಗುವ ಮರ್ಯಾದೆ ಅಷ್ಟೇ.

ಮೊದಲನೇ ದಿನದ ಹಾಳೆಯಲ್ಲಿ ಅವಳೇ, ಅವಳ ದುಂಡನೆಯ ಅಕ್ಷರದಲ್ಲೇ, ಬರೆದಿದ್ದಳು: "ಎಡತೋಳು, ಮೊಣಕೈಗಿಂತ ಮೇಲೆ, ಹಿಡಿದ ಗುರುತು. ನಾಲ್ಕು ಬೆರಳು, ಒಳಗಡೆ ಹೆಬ್ಬೆರಳು. ನೇರಳೆ ಬಣ್ಣ." ಮೇಕಪ್ಪಿನವಳು ಹಾಕಿದ್ದಾಳೆಂದು ಅವಳು ಬರೆದಳು. ಅವಳು ಬರೆದಿದ್ದಾಳೆಂದು ಮೇಕಪ್ಪಿನವಳು ಒಪ್ಪಿಕೊಂಡಳು. ಒಬ್ಬರನ್ನೊಬ್ಬರು ಒಂದು ಮಾತು ಕೇಳಲಿಲ್ಲ. ಬೇರೆ ಯಾವ ಕೆಲಸದವರಾಗಿದ್ದರೂ, ಹೆಂಗಸಿನ ತೋಳಿನ ಮೇಲೆ ಹಿಡಿದ ಗುರುತು ಕಂಡರೆ ಮೊದಲು ಏನಾಯ್ತಮ್ಮಾ ಎಂದು ಕೇಳುತ್ತಾರೆ. ಸಿನಿಮಾದವರು ಮಾತ್ರ ಬಣ್ಣ ಸರಿಯಾಗಿದೆಯೇ ಎಂದು ನೋಡುತ್ತಾರೆ.

ಆ ಸಿನಿಮಾ ಚೀಟಿಯ ಭಾವನದು. ಭಯದ ಸಿನಿಮಾ, ಆದರೆ ದೆವ್ವ ಇಲ್ಲ. ದೆವ್ವ ತೋರಿಸಲು ಬೇಕಾದ ದುಡ್ಡೂ ಇರಲಿಲ್ಲ ಅನ್ನಿ. "ಕಾಣಿಸಿದ್ರೆ ಭಯ ಹೋಯ್ತು. ಕಾಣಿಸದೇ ಇರೋದೇ ಭಯ," ಎಂದು ಭಾವ ಗಡ್ಡ ಸವರಿಕೊಂಡು ಹೇಳುತ್ತಿದ್ದ. ಇಲ್ಲದ್ದನ್ನೇ ದೊಡ್ಡದು ಮಾಡಿ ಮಾತಾಡುವುದರಲ್ಲಿ ಅವನು ಎತ್ತಿದ ಕೈ. ಕಥೆ ಇಷ್ಟೇ: ಒಂದು ಮನೆಯಲ್ಲಿ ಗಂಡ ಹೆಂಡತಿ. ಗೋಡೆಯೊಳಗೆ ಯಾರೋ ಇದ್ದಾರೆ ಎಂದು ಹೆಂಡತಿ ಹೇಳುತ್ತಾಳೆ. ನಿನಗೆ ತಲೆ ಕೆಟ್ಟಿದೆ ಎಂದು ಗಂಡ ಹೇಳುತ್ತಾನೆ. ಯಾರು ಹೇಳಿದ್ದು ನಿಜ ಎಂದು ಕೊನೆಯವರೆಗೂ ಗೊತ್ತಾಗಬಾರದು. ಹನ್ನೆರಡು ದಿನ, ಐದು ಜನ, ಭಾವ ಮತ್ತು ಅಕ್ಕ ಬಾಡಿಗೆಗಿದ್ದ ಮೂರನೇ ಮಹಡಿಯ ಎರಡು ಕೋಣೆಯ ಮನೆ. ಕಿಟಕಿಗಳಿಗೆ ಕಪ್ಪು ಬಟ್ಟೆ ಬಡಿದು ಬೆಳಿಗ್ಗೆ ಹತ್ತು ಗಂಟೆಗೇ ಮಧ್ಯರಾತ್ರಿ ಮಾಡಿಕೊಂಡಿದ್ದರು. ಗಂಡನ ಪಾರ್ಟು ಭಾವನೇ ಮಾಡಿದ. ಹೆಂಡತಿಯ ಪಾರ್ಟಿಗೆ ಅಕ್ಕ. ಔಷಧಿ ಅಂಗಡಿಯ ಕೌಂಟರಿನಲ್ಲಿ ದುಡಿಯುವ ಅಕ್ಕ ಎರಡು ವಾರ ರಜೆ ಹಾಕಿ, ತನ್ನದೇ ಮಂಚದ ಮೇಲೆ ತನ್ನದೇ ಅರ್ಧತೋಳಿನ ಅಂಗಿ ಹಾಕಿಕೊಂಡು ಮಲಗಿದಳು. ಹಾಗೆ ಮಾಡಿದಳು, ಅಬ್ಬ, ನೋಡಿದವರ ಮೈ ಜುಮ್ಮೆನ್ನುವ ಹಾಗೆ. ಕಣ್ಣಿನ ಕೆಳಗೆ ಕಪ್ಪು, ಮಾತಿನ ನಡುವೆ ಗಕ್ಕನೆ ನಿಂತು ಪಕ್ಕಕ್ಕೆ ನೋಡುವುದು. ಕ್ಯಾಮೆರಾದವನು ಎರಡನೇ ದಿನವೇ, "ನಿಮ್ಮಕ್ಕ ಇಷ್ಟು ದಿನ ಮಾತ್ರೆ ಮಾರ್ಕೊಂಡು ಯಾಕಿದ್ರು?" ಎಂದು ಕೇಳಿದ್ದ.

ಚೀಟಿಗೆ ಹೆಮ್ಮೆಯೋ ಹೆಮ್ಮೆ. ಅವರಮ್ಮ ಹೋದಾಗ ಅವಳಿಗೆ ಒಂಬತ್ತು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅವತ್ತಿನಿಂದ ಜಡೆ ಹಾಕಿದ್ದು, ಸ್ಕೂಲಿಗೆ ಕಳಿಸಿದ್ದು, ಜ್ವರ ಬಂದಾಗ ಎದ್ದು ಕೂತದ್ದು, ಎಲ್ಲವೂ ಅಕ್ಕ. ಈ ಭೂಮಿಯ ಮೇಲೆ ತನ್ನವರು ಎಂದು ಚೀಟಿಗಿದ್ದದ್ದು ಅವಳೊಬ್ಬಳೇ.

ಈಗ ಚೀಟಿ ನೆಲದ ಮೇಲೆ ಕೂತು ಚೆಲ್ಲಿದ ಹಾಳೆಗಳನ್ನು ಒಂದರ ಪಕ್ಕ ಒಂದು ಜೋಡಿಸಿದಳು. ಒಂಬತ್ತು ಬೆಳಗಿನ ಒಂಬತ್ತು ಫೋಟೋ. ಅಕ್ಕನ ಎಡತೋಳು ಒಂಬತ್ತರಲ್ಲೂ ಇತ್ತು. ಒಂಬತ್ತರಲ್ಲೂ ಅದೇ ನೇರಳೆ ಬಣ್ಣ.

ಕಂಟಿನ್ಯೂಟಿಯವಳಿಗೆ ಬೇರೇನು ಗೊತ್ತಿಲ್ಲದಿದ್ದರೂ ಇದು ಗೊತ್ತಿರುತ್ತದೆ: ಬಣ್ಣದ ಗಾಯ ಬೇಕಾದಷ್ಟು ದಿನ ಹಾಗೇ ಇರುತ್ತದೆ, ನಿಜವಾದ ಗಾಯ ಇರುವುದಿಲ್ಲ. ನಿಜವಾದದ್ದು ಎರಡು ದಿನಕ್ಕೆ ನೀಲಿಯಾಗಿ, ನಾಲ್ಕನೆಯ ದಿನಕ್ಕೆ ಹಸಿರಾಗಿ, ಒಂದು ವಾರಕ್ಕೆ ಹಳದಿಯಾಗಿ ಮಾಯುತ್ತದೆ. ಇದು ಮಾಯಲೇ ಇಲ್ಲ. ಯಾರೋ ದಿನಾ ಅದೇ ಜಾಗದಲ್ಲಿ, ಬೆರಳಿನ ಮೇಲೆ ಬೆರಳಿಟ್ಟು, ಮತ್ತೆ ಮತ್ತೆ ಹಿಡಿದಿದ್ದಾರೆ.

ಇವತ್ತು ಮೇಕಪ್ಪಿನವಳು ಮಧ್ಯಾಹ್ನದ ಮೇಲೂ ಉಳಿದದ್ದರಿಂದ ಈ ಮಾತು ಬಂತು. ದಿನವೂ ಅವಳು ಊಟದ ಹೊತ್ತಿಗೆ ತನ್ನ ಬ್ಯೂಟಿಪಾರ್ಲರಿಗೆ ಓಡುತ್ತಿದ್ದಳು. ಅಕ್ಕನ ಕೆಲಸ ಆಗಲೇ ಮುಗಿದಿರುತ್ತಿತ್ತು, ಮಧ್ಯಾಹ್ನ ಭಾವ ಬರಿಯ ಗೋಡೆ, ಬಾಗಿಲು, ಬಕೆಟ್ಟು ಶೂಟ್ ಮಾಡುತ್ತಿದ್ದ. ಇವತ್ತು ಬೆಳಗಿನ ಸೀನು ಮುಗಿಯಲಿಲ್ಲ. ಊಟವಾಗಿ, ಅಕ್ಕತಂಗಿಯರು ದಿನದಂತೆ ಅರ್ಧ ಗಂಟೆ ಮಂಚದ ಮೇಲೆ ಅಡ್ಡಾಗಿ ಎದ್ದ ಮೇಲೆ ನೋಡಿದರೆ, ಗುರುತು ಬೆಳಗಿನ ಫೋಟೋದಲ್ಲಿ ಇದ್ದದ್ದಕ್ಕಿಂತ ಕೆಂಪಗಿತ್ತು. ಸ್ವಲ್ಪ ತಗ್ಗಿಸು ಎಂದು ಹೇಳಲು ಹೋಗಿ ಚೀಟಿ ಈ ಉತ್ತರ ಕೇಳಿಸಿಕೊಂಡಿದ್ದಳು.

ಅಕ್ಕ ಮಂಚದ ಅಂಚಿನಲ್ಲಿ ಕೂತಿದ್ದಳು. ಚೀಟಿ ಹತ್ತಿರ ಹೋಗಿ ಮೊಣಕಾಲೂರಿದಳು.

"ಅಕ್ಕ, ಇದು ಏನು?"

ಅಕ್ಕ ತೋಳನ್ನು ಹಿಂದಕ್ಕೆ ಎಳೆದುಕೊಂಡಳು. "ಎಲ್ಲೋ ತಗುಲಿರಬೇಕು ಬಿಡು."

"ನಾಲ್ಕು ಬೆರಳು ಒಟ್ಟಿಗೆ ಎಲ್ಲಿ ತಗುಲುತ್ತೆ? ನನ್ನ ಹತ್ರಾನಾ ಈ ಮಾತು?"

"ಶಾಟ್ ಮುಗಿಸೋಣ ಚೀಟಿ. ಇನ್ನು ಮೂರು ದಿನ. ಆಮೇಲೆ ನಾನೇ ಕೂತ್ಕೊಂಡು ಹೇಳ್ತೀನಿ."

"ಭಾವನಾ?"

ಅಕ್ಕ ಅವಳ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನಾಚಿಕೆ ಇರಲಿಲ್ಲ, ಏನೋ ಕರುಣೆಯಂಥದ್ದಿತ್ತು. ಅದೇ ಚೀಟಿಯನ್ನು ಹೆಚ್ಚು ಹೆದರಿಸಿತು.

"ಅವರಲ್ಲ. ಯಾರೂ ಅಲ್ಲ. ಅದು ಬರುತ್ತೆ, ಹೋಗುತ್ತೆ. ನಾನು ನೋಡ್ಕೊಳ್ತಾ ಇದ್ದೀನಲ್ಲ."

ಅದು ಬರುತ್ತೆ, ಹೋಗುತ್ತೆ. ಸಿನಿಮಾದ ಹೆಂಡತಿ ಹನ್ನೊಂದನೇ ಸೀನಿನಲ್ಲಿ ಆಡುವ ಮಾತು ಇದಕ್ಕಿಂತ ಒಂದಕ್ಷರ ಆಚೀಚೆ ಇರಲಿಲ್ಲ. ಒಂದೋ ಭಾವ ಹೊಡೆಯುತ್ತಿದ್ದಾನೆ, ಅಕ್ಕ ಮುಚ್ಚಿಡುತ್ತಿದ್ದಾಳೆ. ಇಲ್ಲವೋ ಒಂಬತ್ತು ದಿನ ಕತ್ತಲೆ ಕೋಣೆಯಲ್ಲಿ ಹುಚ್ಚಿಯ ಪಾರ್ಟು ಮಾಡಿ ಮಾಡಿ ಅಕ್ಕನ ತಲೆ ನಿಜವಾಗಿಯೂ ಹೋಗಿದೆ, ನಾವೆಲ್ಲ ಅದನ್ನು ಆ್ಯಕ್ಟಿಂಗ್ ಎಂದುಕೊಂಡು ಚಪ್ಪಾಳೆ ತಟ್ಟಿದ್ದೇವೆ. ಎರಡರಲ್ಲಿ ಯಾವುದಾದರೂ ಸರಿ, ಈಗಲೇ ಅಕ್ಕನನ್ನು ಈ ಮನೆಯಿಂದ ಕರೆದುಕೊಂಡು ಹೋಗಬೇಕು. ಸಿನಿಮಾ ಮಣ್ಣುಪಾಲಾಗಲಿ.

ಅವಳು ಎದ್ದು ಸೀದಾ ಅಡುಗೆಮನೆಗೆ ನಡೆದಳು. ಅಲ್ಲಿ ಒಲೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಭಾವ ಎಡಿಟಿಂಗ್ ಮಾಡುತ್ತಿದ್ದ. ಮನೆಯಲ್ಲಿ ಹಗಲಿನ ಬೆಳಕಿದ್ದ ಜಾಗ ಅದೊಂದೇ.

"ಭಾವ, ಅಕ್ಕನ ಮೇಲೆ ಯಾವಾಗಿನಿಂದ ಕೈ ಮಾಡ್ತಿದ್ದೀರಿ?"

ಭಾವ ತಿರುಗಿ ನೋಡಿದ. ಮೊದಲು ಅವನಿಗೆ ಮಾತು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಮುಖದಲ್ಲಿ ರಕ್ತವೇ ಇಲ್ಲದ ಹಾಗಾಯಿತು.

"ಏನಂದೆ?"

ಚೀಟಿ ಒಂಬತ್ತು ಫೋಟೋಗಳನ್ನು ಅವನ ಮುಂದೆ ಬಿಸಾಡಿದಳು. ಮೇಕಪ್ಪಿನವಳು ಹೇಳಿದ್ದನ್ನು ಹೇಳಿದಳು. ಬಾಯಿಗೆ ಬಂದದ್ದನ್ನೆಲ್ಲ ಬೈದಳು. ಭಾವ ಎಂಬ ಮುಲಾಜು ಇಟ್ಟುಕೊಳ್ಳಲಿಲ್ಲ. ಗದ್ದಲ ಕೇಳಿ ಮೇಕಪ್ಪಿನವಳು ಬಂದಳು, ಹಿಂದೆ ಅಕ್ಕ ಬಂದಳು. "ಚೀಟಿ, ಬೇಡ ಕಣೆ, ಬೇಡ," ಎಂದು ಅಕ್ಕ ಅವಳ ಭುಜ ಹಿಡಿದರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾವ ಫೋಟೋಗಳನ್ನು ಒಂದೊಂದಾಗಿ ನೋಡಿದ.

"ಇದು ಮೇಕಪ್ಪು ಅಂದ್ಕೊಂಡಿದ್ದೆ," ಎಂದ. "ನನ್ನಾಣೆ ಕಣಮ್ಮ. ಚೆನ್ನಾಗಿದೆ, ಯಾರ ಐಡಿಯಾನೋ ಇರಲಿ ಅಂತ ಸುಮ್ಮನಿದ್ದೆ."

"ರಾತ್ರಿ ಇವಳ ಜೊತೆ ಇರೋದು ನೀವೊಬ್ಬರೇ."

"ಇರ್ತೀನಿ. ಅಳತೆ ತಗೋ ಬೇಕಾದ್ರೆ." ಅವನು ಬಲಗೈ ಚಾಚಿ ಬೆರಳು ಅಗಲಿಸಿದ. "ಹಾಳೇಲಿ ಅಳತೆ ಬರೆದಿರ್ತೀಯಲ್ಲ, ನೋಡು."

ಬರೆದಿದ್ದಳು, ಬರೆಯದೆ ಬಿಡುವವಳಲ್ಲ. ತೋರುಬೆರಳಿನಿಂದ ಕಿರುಬೆರಳಿನವರೆಗೆ ಎರಡೂಮುಕ್ಕಾಲು ಇಂಚು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಟೇಪು ತೆಗೆದು ಭಾವನ ಬೆರಳು ಜೋಡಿಸಿ ಹಿಡಿದಳು. ಮೂರೂಮುಕ್ಕಾಲು. ಅವನ ಒಂದೊಂದು ಬೆರಳೂ ಬಾಳೆಹಣ್ಣಿನ ಹಾಗಿತ್ತು. ಎಷ್ಟು ಕುಗ್ಗಿಸಿದರೂ ಆ ಗುರುತಿನೊಳಗೆ ಕೂರುವ ಕೈಯಲ್ಲ ಅದು. ಚೀಟಿಗೆ ಆಡಿದ್ದನ್ನು ನುಂಗಲೂ ಆಗದು, ಮುಂದೆ ಆಡಲೂ ಆಗದು.

ಆಗ ಕ್ಯಾಮೆರಾದವನು ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಮೆಮೊರಿ ಕಾರ್ಡು, ಮುಖದಲ್ಲಿ ಸಾಯುವ ಕಳೆ.

"ಸಾರ್, ಒಂದು ತಪ್ಪಾಗಿದೆ."

"ಈಗ ಬೇಡಪ್ಪ," ಎಂದ ಭಾವ.

"ಬೆಳಗಿನ ಕೊನೇ ಶಾಟ್ ಇಲ್ಲ ಸಾರ್. ಉಲ್ಟಾ ರೋಲ್ ಆಗ್ಬಿಟ್ಟಿದೆ."

ಈ ಕಸುಬಿನಲ್ಲಿ ಇದಕ್ಕಿಂತ ನಾಚಿಕೆಗೇಡಿನ ತಪ್ಪು ಇನ್ನೊಂದಿಲ್ಲ. ಕ್ಯಾಮೆರಾ ಶುರು ಮಾಡುವುದಕ್ಕೂ ನಿಲ್ಲಿಸುವುದಕ್ಕೂ ಗುಂಡಿ ಒಂದೇ. ತಯಾರಿ ಮಾಡುವಾಗ ಕೈ ತಗುಲಿ ಅದು ಮೊದಲೇ ಶುರುವಾಗಿತ್ತು. ಭಾವ ಆ್ಯಕ್ಷನ್ ಎಂದಾಗ ಇವನು ಒತ್ತಿದ, ಅದು ನಿಂತಿತು. ಕಟ್ ಎಂದಾಗ ಮತ್ತೆ ಒತ್ತಿದ, ಅದು ಶುರುವಾಯಿತು. ಅಕ್ಕ ಆರು ನಿಮಿಷ ಜೀವ ತೇಯ್ದ ಶಾಟು ಗಾಳಿಗೆ ಹೋಗಿ, ಎಲ್ಲರೂ ಊಟಕ್ಕೆ ಎದ್ದು ಹೋದ ಖಾಲಿ ಹೊತ್ತು ಪೂರ್ತಿ ಕಾರ್ಡಿನಲ್ಲಿ ಕೂತಿತ್ತು.

"ಊಟದ ಟೈಮೆಲ್ಲ ರೆಕಾರ್ಡ್ ಆಗಿದೆ ಸಾರ್," ಎಂದ ಅವನು. ಕಣ್ಣು ಮಾತ್ರ ಚೀಟಿಯ ಕಡೆಗಿತ್ತು. "ಸ್ವಲ್ಪ ನೋಡಿದೆ. ನೀವೂ ನೋಡಬೇಕು."

"ನೋಡೋದು ಬೇಡ," ಎಂದಳು ಅಕ್ಕ. "ರೀ, ಅದನ್ನ ಅಳಿಸಿಬಿಡಿ. ನನ್ನ ಮಾತು ಕೇಳಿ."

ಅಕ್ಕ ಹಾಗೆ ಹೇಳಿದ್ದೇ ತಡ, ಭಾವ ಕಾರ್ಡು ಕಸಿದು ಲ್ಯಾಪ್‌ಟಾಪಿಗೆ ಹಾಕಿದ.

ಊಟ ಮುಗಿಯುವವರೆಗಿನ ಖಾಲಿ ಮಂಚವನ್ನು ದಾಟಿಸಿದ ಮೇಲೆ ಪರದೆಗೆ ಅಕ್ಕ ಬಂದಳು. ಬೆಳಗಿನ ಕ್ಲೋಸಪ್ಪಿಗೆ ಇಟ್ಟ ಕ್ಯಾಮೆರಾ, ಹಚ್ಚಿದ ದೀಪ ಹಾಗೇ ಇದ್ದವು: ದಿಂಬು, ದಿಂಬಿನ ಮೇಲೆ ಅಕ್ಕನ ಮುಖ, ಎದೆಯ ಮೇಲೆ ಅವಳ ಎಡತೋಳು. ಪಕ್ಕದಲ್ಲಿ ಮಲಗಿದ್ದ ಚೀಟಿ ಚೌಕಟ್ಟಿನ ಹೊರಗಿದ್ದಳು. ಅವಳ ಉಸಿರು ಮಾತ್ರ ಕೇಳಿಸುತ್ತಿತ್ತು, ದಣಿದವರು ನಿದ್ದೆಯಲ್ಲಿ ಎಳೆಯುವ ಉದ್ದನೆಯ ಉಸಿರು. ರಾತ್ರಿ ತನ್ನ ಬಾಡಿಗೆ ರೂಮಿಗೆ ಹೋದ ಮೇಲೂ ಎರಡು ಗಂಟೆಯವರೆಗೆ ಕೂತು ಹಾಳೆ ತಿದ್ದುವ ಚೀಟಿ, ಮಧ್ಯಾಹ್ನ ತಲೆ ಇಟ್ಟರೆ ಸಾಕು, ಕೊರಡಿನ ಹಾಗೆ ಬಿದ್ದುಕೊಳ್ಳುತ್ತಿದ್ದಳು.

ಅಕ್ಕ ಮಲಗಿರಲಿಲ್ಲ. ಕಣ್ಣು ಬಿಟ್ಟುಕೊಂಡು, ಕತ್ತು ಆ ಕಡೆ ತಿರುಗಿಸಿ ಕಾಯುತ್ತಿದ್ದಳು. ಹತ್ತು ನಿಮಿಷ ಕಾದಳು. ಭಾವ ಮುಂದಕ್ಕೆ ಓಡಿಸಲು ಹೋದರೆ ಕ್ಯಾಮೆರಾದವನು, "ಓಡಿಸ್ಬೇಡಿ ಸಾರ್," ಎಂದ.

ಹನ್ನೊಂದನೇ ನಿಮಿಷಕ್ಕೆ ಉಸಿರಿನ ಸದ್ದು ನಿಂತಿತು. ಅಕ್ಕ ತಟ್ಟನೆ ಎದ್ದು ಅರ್ಧ ಕೂತಳು. ಅಕ್ಕನೇ, ಯಾರೂ ಎಳೆಯದೆ, ತನ್ನ ಎಡತೋಳನ್ನು ಆ ಕಡೆ ಚಾಚಿದಳು. ತೋಳು ಚೌಕಟ್ಟಿನಿಂದ ಹೊರಗೆ ಹೋಯಿತು. ಏನೋ ಎಳೆದಾಡಿದ ಸದ್ದು. ಮತ್ತೆ ತೋಳು ಒಳಗೆ ಬಂದಾಗ ಅದನ್ನು ಒಂದು ಕೈ ಹಿಡಿದಿತ್ತು. ಬೆರಳು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಹಿಡಿದಿತ್ತು. ಆ ಕೈಯ ಮಣಿಕಟ್ಟಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ನೀಲಿ ಪೆನ್ನು ಇಳಿಬಿದ್ದಿತ್ತು.

ಚೀಟಿ ತನ್ನ ಬಲಗೈ ನೋಡಿಕೊಂಡಳು. ದಾರ, ದಾರದ ತುದಿಗೆ ನೀಲಿ ಪೆನ್ನು. ಕಳೆದುಹೋಗುತ್ತದೆಂದು ಐದು ವರ್ಷದಿಂದ ಹಾಗೆ ಕಟ್ಟಿಕೊಂಡೇ ಓಡಾಡುತ್ತಿದ್ದಳು.

ಪರದೆಯ ಮೇಲೆ ಆ ಕೈಯ ಹಿಂದೆ ಮುಖ ಬಂತು. ಅವಳದೇ ಮುಖ. ಕಣ್ಣು ತೆರೆದಿತ್ತು, ಆದರೆ ಅಕ್ಕನನ್ನು ನೋಡುತ್ತಿರಲಿಲ್ಲ. ಕ್ಯಾಮೆರಾದ ಕಣ್ಣೊಳಗೆ ನೇರವಾಗಿ ನೋಡುತ್ತಿತ್ತು. ಮೆಲ್ಲಗೆ, ಬೇಸರವೂ ಸಿಟ್ಟೂ ಇಲ್ಲದ ದನಿಯಲ್ಲಿ, ಅದು ಮಾತಾಡಿತು.

"ನೀನು ಜಾಗ ಬಿಡು. ನಾನಿರ್ತೀನಿ."

ಪರದೆಯ ಮೇಲಿನ ಅಕ್ಕ ತೋಳು ಬಿಡಿಸಿಕೊಳ್ಳಲಿಲ್ಲ, ಕೂಗಲಿಲ್ಲ. ಇನ್ನೊಂದು ಕೈಯಿಂದ ಆ ತಲೆಯನ್ನು ನೇವರಿಸುತ್ತಾ, "ಆಯ್ತು, ಆಯ್ತು," ಎನ್ನುತ್ತಾ ಇದ್ದಳು. ಮೂರು ನಿಮಿಷ ಹಾಗೇ ಕಳೆಯಿತು. ಆಮೇಲೆ ಬೆರಳು ಸಡಿಲವಾದವು, ಮುಖ ಚೌಕಟ್ಟಿನಿಂದ ಇಳಿದುಹೋಯಿತು, ಉದ್ದನೆಯ ಉಸಿರು ಮತ್ತೆ ಶುರುವಾಯಿತು.

ಭಾವ ಅಂಗಿಯ ಜೇಬಿಗೆ ಕೈ ಹಾಕಿ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ತೆಗೆದ. ಅದನ್ನು ಬಿಡಿಸಿ ಒಲೆಯ ಕಟ್ಟೆಯ ಮೇಲಿಟ್ಟ.

"ಗೋಡೆಯೊಳಗಿರೋದು ಕೊನೇ ಸೀನಲ್ಲಿ ಒಂದೇ ಒಂದು ಮಾತಾಡ್ಬೇಕು ಅಂತ ಎರಡು ತಿಂಗಳಿಂದ ಒದ್ದಾಡ್ತಿದ್ದೆ. ಇವತ್ತು ಬೆಳಿಗ್ಗೆ ಸ್ನಾನ ಮಾಡುವಾಗ ಹೊಳೀತು. ಬರೆದು ಜೇಬಿಗಿಟ್ಟೆ. ಯಾರಿಗೂ ತೋರಿಸಿಲ್ಲ."

ಕಾಗದದಲ್ಲಿ ಅದೇ ಇತ್ತು. ನೀನು ಜಾಗ ಬಿಡು. ನಾನಿರ್ತೀನಿ.

"ನಾನು ಇದನ್ನ ನೋಡಿಲ್ಲ," ಎಂದಳು ಚೀಟಿ. ದನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ. "ಸತ್ಯವಾಗಿಯೂ ನೋಡಿಲ್ಲ."

"ಇವತ್ತಿಂದಲ್ಲ," ಎಂದಳು ಅಕ್ಕ. "ಮೊದಲನೇ ದಿನದಿಂದ ಅದನ್ನೇ ಹೇಳ್ತಿದ್ದಾಳೆ."

ಭಾವ ಕೂತಲ್ಲೇ ಗೋಡೆಗೆ ಒರಗಿದ. ಅವನು ಎರಡು ತಿಂಗಳಿಂದ ತಡಕುತ್ತಿದ್ದ ಮಾತನ್ನು ಇವಳು ಮೊದಲೇ ಹೇಳಿದಳೋ, ಇವಳು ನಿದ್ದೆಯಲ್ಲಿ ಹೇಳಿದ್ದು ಬಾಗಿಲ ಸಂದಿಯಿಂದ ಅವನ ಕಿವಿಗೆ ಬಿದ್ದು ಬಚ್ಚಲಲ್ಲಿ ತನ್ನದೇ ಎಂಬಂತೆ ಹೊಳೆಯಿತೋ, ಅಥವಾ ಇಬ್ಬರಿಗೂ ಬೇರೆ ಎಲ್ಲಿಂದಲಾದರೂ ಬಂತೋ. ಮೇಕಪ್ಪಿನವಳು ಮೂರನೆಯದನ್ನೇ ನಂಬಿದಳು ಅನ್ನುವುದು ಅವಳು ಬಾಗಿಲ ಕಡೆಗೆ ಸರಿದ ರೀತಿಯಲ್ಲೇ ಗೊತ್ತಾಯಿತು. "ಇದು ಮನೆಯದ್ದು," ಎಂದಳು. "ಯಾರಿದ್ರು ಇಲ್ಲಿ ನಿಮಗಿಂತ ಮುಂಚೆ?" ಕ್ಯಾಮೆರಾದವನು, ನಿದ್ದೆಯಲ್ಲಿ ಎದ್ದು ಓಡಾಡುವ ಕಾಯಿಲೆ ತನ್ನ ಚಿಕ್ಕಪ್ಪನಿಗೂ ಇತ್ತು, ಮಾತ್ರೆ ಇದೆ ಎಂದ. ಇಬ್ಬರೂ ಚೀಟಿಯ ಮುಂದೆ ಅವಳು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಮಾತಾಡಿದರು.

ಭಾವ ಮಾತ್ರ ಪರದೆಯ ಮೇಲಿನಿಂದ ಕಣ್ಣು ತೆಗೆದಿರಲಿಲ್ಲ. "ಬೇಜಾರು ಮಾಡ್ಕೊಬೇಡಿ," ಎಂದ. "ಇದನ್ನ ಸಿನಿಮಾದಲ್ಲಿ ಇಟ್ಕೊಂಡ್ರೆ..."

ಅವನು ಕೆಟ್ಟವನಲ್ಲ, ನಿಜ. ಆದರೆ ಆ ಹೊತ್ತಿಗೆ ಆ ಮಾತು ಬಂದ ಬಾಯಿಗೆ ಏನು ಹೇಳೋಣ. ಅಕ್ಕ ಲ್ಯಾಪ್‌ಟಾಪಿನ ಮುಚ್ಚಳವನ್ನು ಅವನ ಬೆರಳ ಮೇಲೇ ಮುಚ್ಚಿದಳು.

ಚೀಟಿ ನೆಲದ ಮೇಲೆ ಕೂತುಬಿಟ್ಟಿದ್ದಳು. ಅವಳೊಳಗೆ ಒಂದೇ ಮಾತು ಸುತ್ತುತ್ತಿತ್ತು: ನಾನು. ಒಂಬತ್ತು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಗುರುತನ್ನು ಅಳೆದವಳು, ಫೋಟೋ ತೆಗೆದವಳು, ಬಣ್ಣ ಸರಿಯಿದೆ ಎಂದು ಟಿಕ್ ಹಾಕಿದವಳು. ನಾನು ಹಿಡಿದು, ನಾನೇ ಬರೆದುಕೊಂಡು, ನಾಳೆಗೂ ಹಾಗೇ ಇರಲಿ ಎಂದು ನೋಡಿಕೊಂಡೆ. ತನ್ನ ಕೈಗಳ ಮೇಲೆ ಅವಳಿಗೆ ಹೇಸಿಗೆಯಾಯಿತು. ಅಕ್ಕನ ಹುಚ್ಚಿಗೆ ಹೆದರಿದ್ದಳು, ಭಾವನ ಕೈಗೆ ಹೆದರಿದ್ದಳು, ತನಗೆ ಹೆದರಬೇಕೆಂದು ಒಮ್ಮೆಯೂ ತೋಚಿರಲಿಲ್ಲ.

ಅಕ್ಕ ಎದುರಿಗೆ ಬಂದು ಕೂತಳು. ಚೀಟಿ ಹಿಂದಕ್ಕೆ ಸರಿದಳು.

"ಹತ್ರ ಬರಬೇಡ ಅಕ್ಕ."

"ಸಾಕು, ಸುಮ್ನಿರು."

"ಯಾಕೆ ಹೇಳಲಿಲ್ಲ? ಎಬ್ಬಿಸಿ ಎರಡು ಬಾರಿಸಬಾರದಿತ್ತಾ? ಬೇರೆ ಕಡೆ ಮಲಗಬಾರದಿತ್ತಾ? ದಿನಾ ನೀನೇ ಬಾ ಮಲಗು ಬಾ ಅಂತ ಕರೀತಿದ್ದೆ." ಆಮೇಲೆ ಅವಳಿಗೆ ಇನ್ನೊಂದು ನೆನಪಾಯಿತು, ಏನೇ ಆದರೂ ಅವಳ ಕಣ್ಣು ಕಂಟಿನ್ಯೂಟಿಯವಳ ಕಣ್ಣು. "ನೀನೇ ಕೈ ಚಾಚಿದೆ. ನಾನು ಹಿಡಿಯೋಕೆ ಮುಂಚೆ ನೀನೇ ಕೊಟ್ಟೆ. ಯಾಕೆ?"

ಅಕ್ಕ ಹೇಳಬಾರದೆಂದು ಹೂತಿಟ್ಟದ್ದನ್ನು ಅಗೆಯುವವಳ ಹಾಗೆ ನೆಲ ನೋಡುತ್ತಾ ಕೂತಳು.

"ಶೂಟಿಂಗಿನ ಹಿಂದಿನ ದಿನ, ಸಾಮಾನು ಜೋಡಿಸಿ ಸುಸ್ತಾಗಿ ಮಧ್ಯಾಹ್ನ ಮಲಗಿದ್ವಲ್ಲ," ಎಂದಳು. "ಏನೋ ಸದ್ದಾಯ್ತು ಅಂತ ನೋಡಿದ್ರೆ, ನೀನು ನಿನ್ನ ಕುತ್ತಿಗೇನೇ ಹಿಡ್ಕೊಂಡಿದ್ದೆ. ಎರಡೂ ಕೈಯಲ್ಲಿ. ಜಾಗ ಬಿಡು, ಜಾಗ ಬಿಡು ಅಂತಿದ್ದೆ. ನಿನಗೇ ಹೇಳ್ಕೊಳ್ತಿದ್ದೆ ಕಣೆ. ಮುಖ ಕಪ್ಪಾಗಿತ್ತು. ಎಷ್ಟು ಎಳೆದ್ರೂ ಆ ಕೈ ಬರಲಿಲ್ಲ. ಬೇರೇನೂ ತೋಚದೆ ನನ್ನ ತೋಳು ನಡುವೆ ತುರುಕಿದೆ. ನಿನ್ನ ಕುತ್ತಿಗೆ ಬಿಟ್ಟು ಅದನ್ನ ಹಿಡ್ಕೊಂಡೆ."

ಚೀಟಿಯ ಕೈ ತನ್ನ ಕುತ್ತಿಗೆಗೆ ಹೋಯಿತು.

"ಎಬ್ಬಿಸಿದ್ರೆ ನಿನಗೆ ಗೊತ್ತಾಗುತ್ತೆ. ಗೊತ್ತಾದ್ರೆ ಹೆದರ್ತೀಯ, ಎಲ್ಲಿಗಾದ್ರೂ ಹೊರಟುಹೋಗ್ತೀಯ. ನಿನ್ನನ್ನ ನಾನು ಬಲ್ಲೆ. ನನ್ನ ಕಣ್ಣೆದುರು ಮಲಗಿದ್ರೆ ತೋಳಾದ್ರೂ ಕೊಡಬಹುದು." ಅಕ್ಕನ ದನಿ ಈಗ ಒಡೆಯಿತು. "ರಾತ್ರಿ ಆ ರೂಮಲ್ಲಿ ಒಬ್ಬಳೇ ಇರ್ತೀಯಲ್ಲ, ಏನು ಮಾಡ್ಕೊಳ್ತೀಯೋ ಅಂತ ಒಂಬತ್ತು ದಿನದಿಂದ ಕಣ್ಣು ಮುಚ್ಚಿಲ್ಲ ನಾನು. ಎಲ್ರೂ ಬಂದು ಆ್ಯಕ್ಟಿಂಗ್ ಚೆನ್ನಾಗಿದೆ, ಕಣ್ಣಲ್ಲಿ ಏನು ಭಯ, ಏನು ಭಯ ಅಂತಾರೆ."

ಮೇಕಪ್ಪಿನವಳು ಬಾಗಿಲ ಬಳಿ ಬಿಕ್ಕಿದಳು. ದೆವ್ವಕ್ಕೆ ಹೆದರಿ ಅರ್ಧ ಹೊರಗೆ ಹೋಗಿದ್ದವಳು ಒಳಗೆ ಬಂದು, ಒಂದು ಲೋಟ ನೀರು ತುಂಬಿ ಚೀಟಿಯ ಮುಂದಿಟ್ಟಳು. ಭಾವ ಎದ್ದು ಮಲಗುವ ಕೋಣೆಗೆ ಹೋದ. ಕಿಟಕಿಗೆ ಬಡಿದಿದ್ದ ಕಪ್ಪು ಬಟ್ಟೆ ಪರಪರ ಹರಿದ ಸದ್ದು ಕೇಳಿಸಿತು.

ಚೀಟಿ ಎಷ್ಟೋ ಹೊತ್ತು ಅತ್ತಳು. ಅಮ್ಮ ಹೋದ ದಿನವೂ ಅವಳು ಅಷ್ಟು ಅತ್ತಿರಲಿಲ್ಲ. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು ಎದ್ದಳು.

"ಆಸ್ಪತ್ರೆಗೆ ಹೋಗ್ತೀನಿ," ಎಂದಳು. "ಈಗಲೇ. ಆ ಕ್ಲಿಪ್ ಡಾಕ್ಟರಿಗೆ ತೋರಿಸಬೇಕು, ಬೇರೆ ಯಾರಿಗೂ ಬೇಡ. ಸೇರಿಸ್ಕೊಳ್ಳಿ ಅಂತೀನಿ. ನೀನು ಬರಬೇಡ ಅಕ್ಕ. ನಾನು ವಾಸಿಯಾಗೋವರೆಗೂ ನನ್ನ ಹತ್ರ ಬರಬೇಡ."

"ಡಾಕ್ಟರು ಕಾಯಿಲೆ ಅಂದ್ರೆ ಕಾಯಿಲೆ. ಮೇಕಪ್ಪಿನವಳು ಹೇಳೋ ಹಾಗೆ ಬೇರೆ ಏನೋ ಆದ್ರೆ ಅದೇ ಇರಲಿ. ನನಗೆ ಎರಡೂ ಒಂದೇ," ಎಂದಳು ಅಕ್ಕ, ಚಪ್ಪಲಿ ಹುಡುಕುತ್ತಾ. "ಅಲ್ಲಿ ನೀನು ಮಲಗಿದಾಗ ಅದು ಬಂದ್ರೆ, ತೋಳು ಯಾರು ಕೊಡ್ತಾರೆ? ನರ್ಸ್ ಕೊಡ್ತಾಳಾ?"

ಚೀಟಿ ಎರಡು ಕೈಯನ್ನೂ ಪ್ಯಾಂಟಿನ ಜೇಬಿಗೆ ತುರುಕಿ, ಮುಷ್ಟಿ ಬಿಗಿಹಿಡಿದು ಬಾಗಿಲು ದಾಟಿದಳು. ಮೂರು ಮಹಡಿಯ ಮೆಟ್ಟಿಲು. ಗೋಡೆಗೆ ಅಂಟಿಕೊಂಡು, ಅಕ್ಕನಿಗೆ ಎಲ್ಲಿ ತಗುಲಿಬಿಡುತ್ತೇನೋ ಎಂದು ಮೈಯೆಲ್ಲ ಹಿಡಿಯಾಗಿಸಿಕೊಂಡು ಇಳಿದಳು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಒಂಬತ್ತು ದಿನ ಕತ್ತಲೆ ಕೋಣೆಯಲ್ಲೇ ಹಗಲು ಕಳೆದ ಇಬ್ಬರಿಗೂ ಕಣ್ಣು ಕುಕ್ಕಿತು. ರಸ್ತೆ ದಾಟುವ ಜಾಗಕ್ಕೆ ಬಂದಾಗ ಅಕ್ಕ ಅವಳ ಜೇಬಿನೊಳಗೆ ಕೈ ಹಾಕಿದಳು. ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಆ ಕೈಯನ್ನು ಹೊರಗೆಳೆದು ತನ್ನ ಕೈಯೊಳಗೆ ಹಿಡಿದುಕೊಂಡಳು.

"ನೋಡ್ಕೊಂಡು ದಾಟು," ಎಂದಳು.